ಇಟ್ಟಿಗೆ ಗೋಡೆಯ ಹಳೇ ಬಣ್ಣ: ಕೆರೆಯೋದಾ, ಕರಗಿಸೋದಾ, ಬಿಟ್ಟುಬಿಡೋದಾ?

ಮಳೆಗಾಲ ಮುಗಿಯುವ ಹೊತ್ತಿಗೆ ಈ ಪ್ರಶ್ನೆ ನನಗೆ ಜಾಸ್ತಿ ಬರುತ್ತದೆ. "ಮನೆ ಮುಂಭಾಗ ಇಟ್ಟಿಗೆಯದ್ದು. ಹಿಂದಿದ್ದವರು ಅದಕ್ಕೆ ಬಣ್ಣ ಹೊಡೆಸಿಬಿಟ್ಟಿದ್ದಾರೆ. ಈಗ ಹಪ್ಪಳದ ಹಾಗೆ ಏಳುತ್ತಿದೆ. ತೆಗೆಸೋಣ ಅಂತಿದೀವಿ, ಹೇಗೆ ತೆಗೆಸೋದು?" ಕೇಳುವವರು ಅಷ್ಟರಲ್ಲಾಗಲೇ ಮೂರು ಕಡೆ ವಿಚಾರಿಸಿರುತ್ತಾರೆ. ಮೇಲೇ ಇನ್ನೆರಡು ಕೋಟ್ ಹೊಡೆದರಾಯಿತು ಅಂತ ಪೇಂಟರ್ ಹೇಳಿರುತ್ತಾರೆ. ಮೇಸ್ತ್ರಿ ಗ್ರೈಂಡರ್ ಹಿಡಿಯೋಣ ಅಂದಿರುತ್ತಾರೆ. ಹಾರ್ಡ್‌ವೇರ್ ಅಂಗಡಿಯವರು ಆಸಿಡ್ ಕ್ಯಾನ್ ತೆಗೆದಿಟ್ಟಿರುತ್ತಾರೆ.

ಜಯನಗರದ ನಮ್ಮ ಮನೆಯಲ್ಲಿ ಈ ಕೆಲಸ ಮಾಡಿಸಿ ನಾಲ್ಕು ವರ್ಷವಾಯಿತು. ಅದಾದ ಮೇಲೆ ನೆಂಟರ, ಸ್ನೇಹಿತರ ಐದಾರು ಮನೆಗಳ ಗೋಡೆ ಮುಂದೆ ನಿಂತು ಯೋಚನೆ ಮಾಡಿದ್ದೇನೆ. ಎಲ್ಲ ಗೋಡೆಗೂ ಒಂದೇ ಉತ್ತರ ಇಲ್ಲ. ಆದರೆ ಒಂದು ಮಾತು ಎಲ್ಲದಕ್ಕೂ ಅನ್ವಯಿಸುತ್ತದೆ. ಬಣ್ಣ ಉಳಿದರೆ ಮುಂದಿನ ವರ್ಷ ತೆಗೆಯಬಹುದು. ಇಟ್ಟಿಗೆಯ ಮೇಲ್ಮೈ ಹೋದರೆ ಮತ್ತೆ ಬರುವುದಿಲ್ಲ.

ಗೂಡಿನಲ್ಲಿ ಸುಟ್ಟಾಗ ಇಟ್ಟಿಗೆಯ ಹೊರಮೈ ಗಟ್ಟಿಯಾಗುತ್ತದೆ. ಒಳಗಿನ ಭಾಗ ಅದಕ್ಕಿಂತ ಮೆದು, ನೀರನ್ನೂ ಜಾಸ್ತಿ ಕುಡಿಯುತ್ತದೆ. ನಮ್ಮ ಬೀದಿಯ ಒಂದು ಮನೆಯಲ್ಲಿ ಎರಡೇ ದಿನದಲ್ಲಿ ಯಂತ್ರದಿಂದ ರಭಸವಾಗಿ ಮರಳು ಊದಿಸಿ, ಅಂದರೆ ಬ್ಲಾಸ್ಟಿಂಗ್ ಮಾಡಿಸಿ, ಬಣ್ಣ ತೆಗೆಸಿದರು. ಆ ವಾರ ಗೋಡೆ ಕೆಂಪಗೆ ಹೊಸದರಂತೆ ಹೊಳೆಯುತ್ತಿತ್ತು. ಒಂದು ಮಳೆಗಾಲ ಕಳೆದ ಮೇಲೆ ನಾನು ಆ ಗೋಡೆ ಮೇಲೆ ಅಂಗೈ ಇಟ್ಟು ಎಳೆದೆ. ಕೈಗೆ ಕುಂಕುಮ ಮೆತ್ತಿದ ಹಾಗೆ ಕೆಂಪು ಪುಡಿ ಬಂತು. ಮನೆ ಒಳಗಡೆ ಹಾಲ್‌ನಲ್ಲಿ ಸೋಫಾದ ಹಿಂದೆ ತೇವದ ಕಲೆ ಬಿದ್ದಿತ್ತು. ಆ ಮನೆಯವರು ಈಗ ಅದೇ ಗೋಡೆಗೆ ಗಾರೆ ಬಳಿಸಿದ್ದಾರೆ.

ಮೊದಲು ಗೋಡೆ ಎಂಥದ್ದು ನೋಡಿ

ವಿಧಾನ ಆರಿಸುವ ಮೊದಲು ನಾಲ್ಕು ವಿಷಯ ಗೊತ್ತಿರಬೇಕು. ಇಟ್ಟಿಗೆ ಯಾವುದು, ಇಟ್ಟಿಗೆಗಳ ನಡುವಿನ ಸಂದಿನ ಗಾರೆ ಯಾವುದು, ಮೇಲಿರುವ ಬಣ್ಣ ಯಾವುದು, ಆ ಬಣ್ಣವನ್ನು ಯಾಕೆ ಹೊಡೆದರು.

ಬೆಂಗಳೂರಿನಲ್ಲಿ ಮುಖ್ಯವಾಗಿ ಎರಡು ಥರದ ಮನೆಗಳು ಸಿಗುತ್ತವೆ. 1898ರ ಪ್ಲೇಗಿನ ನಂತರ ಬೆಳೆದ ಬಸವನಗುಡಿ, ಮಲ್ಲೇಶ್ವರದಂಥ ಬಡಾವಣೆಗಳಲ್ಲಿ, ದಂಡು ಪ್ರದೇಶದ ಹಳೇ ಬಂಗಲೆಗಳಲ್ಲಿ ಕೈಯಲ್ಲಿ ಅಚ್ಚು ಹಾಕಿ ಸುಟ್ಟ ನಾಟಿ ಇಟ್ಟಿಗೆ, ಸುಣ್ಣದ ಗಾರೆ. ಇವುಗಳಲ್ಲಿ ಎಷ್ಟೋ ಗೋಡೆಗಳ ಇಟ್ಟಿಗೆಯನ್ನು ಹೊರಗೆ ಕಾಣಲಿ ಅಂತ ಕಟ್ಟಿದ್ದೇ ಅಲ್ಲ. ಅದರ ಮೇಲೆ ಸುಣ್ಣದ ಗಾರೆ ಇರಬೇಕು ಅಂತಲೇ ಕಟ್ಟಿದ್ದು. ಇನ್ನೊಂದು ಥರ 1980, 90ರ ದಶಕದ ಮನೆಗಳು. ಜಯನಗರ, ಜೆ.ಪಿ. ನಗರದ ಕಡೆ ವೈರ್‌ಕಟ್ ಇಟ್ಟಿಗೆಯನ್ನು, ಅಂದರೆ ಯಂತ್ರದಲ್ಲಿ ಒತ್ತಿ ತಂತಿಯಿಂದ ಕತ್ತರಿಸಿ ಸುಟ್ಟಿದ್ದನ್ನು, ಸಿಮೆಂಟ್ ಗಾರೆಯಲ್ಲಿ ಜೋಡಿಸಿ, ಸಂದಿನ ಬಾಯಿಗೆ ಗಾರೆ ತುಂಬಿ ನೀಟಾಗಿ ಪಾಯಿಂಟಿಂಗ್ ಮಾಡಿ, ಹಾಗೇ ಬಿಟ್ಟಿದ್ದು. ಆಮೇಲೆ ಬಂದವರು ಅದರ ಮೇಲೆ ಇಟ್ಟಿಗೆ ಬಣ್ಣವನ್ನೇ ಹೊಡೆಸಿ, ಸಂದಿಗೆ ಬಿಳಿ ಗೆರೆ ಎಳೆಸಿದ್ದಾರೆ. ಈ ಎರಡನೇ ಥರದ ಗೋಡೆ ಗಟ್ಟಿ, ಸ್ವಲ್ಪ ಒರಟು ಕೆಲಸವನ್ನೂ ತಡೆಯುತ್ತದೆ. ಮೊದಲನೆಯದು ತಡೆಯುವುದಿಲ್ಲ.

ಸಂದು ಯಾವುದು ಅಂತ ತಿಳಿಯಲು ಹಳೇ ಬೀಗದ ಕೈಯಿಂದ ಗೀಚಿ ನೋಡಿ. ಬೆಳ್ಳಗೆ ಪುಡಿ ಉದುರಿದರೆ ಸುಣ್ಣದ ಗಾರೆ. ಕೀ ಜಾರಿ ಬೂದು ಗೆರೆ ಮಾತ್ರ ಬಿದ್ದರೆ ಸಿಮೆಂಟ್.

ಬಣ್ಣಕ್ಕೂ ಮನೆಯಲ್ಲೇ ಪರೀಕ್ಷೆ ಇದೆ. ಬೆರಳಲ್ಲಿ ಉಜ್ಜಿದಾಗ ಸೀಮೆಸುಣ್ಣದ ಹಾಗೆ ಪುಡಿ ಬಂದರೆ ಅದು ಸುಣ್ಣ, ಡಿಸ್ಟೆಂಪರ್ ಅಥವಾ ಸಿಮೆಂಟ್ ಪೇಂಟ್. ಪುಡಿ ಬಾರದಿದ್ದರೆ ಹತ್ತಿಯನ್ನು ಮೆಡಿಕಲ್ ಶಾಪಿನ ಸ್ಪಿರಿಟ್‌ನಲ್ಲಿ ಅದ್ದಿ ಒಂದು ನಿಮಿಷ ತಿಕ್ಕಿ. ಬಣ್ಣ ಮೆತ್ತಗಾಗಿ ಹತ್ತಿಗೆ ಅಂಟಿದರೆ ಎಮಲ್ಷನ್, ಅಂದರೆ ನೀರು ಬೆರೆಸಿ ಹೊಡೆಯುವ ಪ್ಲಾಸ್ಟಿಕ್ ಪೇಂಟ್. ಏನೂ ಆಗದಿದ್ದರೆ ಬಹುತೇಕ ಆಯಿಲ್ ಪೇಂಟ್, ಅಂದರೆ ಎನಾಮೆಲ್. ನಮ್ಮ ಮನೆಯಲ್ಲಿ ಒಂದು ಚಕ್ಕೆ ಎಬ್ಬಿಸಿ ಅದರ ಅಂಚನ್ನು ಬೆಳಕಿಗೆ ಹಿಡಿದೆ. ಮೇಲೆ ಇಟ್ಟಿಗೆ ಕೆಂಪು, ಕೆಳಗೆ ಕೆನೆ ಬಣ್ಣ, ಅದರ ಕೆಳಗೆ ಗಿಳಿಹಸಿರು, ಎಲ್ಲಕ್ಕಿಂತ ಕೆಳಗೆ ಇನ್ನೊಂದು ಕೆಂಪು. ನಾಲ್ಕು ಪದರ, ಅದರಲ್ಲಿ ಎರಡು ಎಮಲ್ಷನ್, ಎರಡು ಎನಾಮೆಲ್. ಮೇಲಿನ ಪದರ ಮಾತ್ರ ನೋಡಿ ವಿಧಾನ ಆರಿಸಿದ್ದರೆ ಅರ್ಧಕ್ಕೇ ನಿಲ್ಲಬೇಕಿತ್ತು.

ನಾಲ್ಕನೇ ಪ್ರಶ್ನೆಯನ್ನು ಜನ ಕೇಳುವುದೇ ಇಲ್ಲ. ಚಂದಕ್ಕೆ ಹೊಡೆದಿದ್ದರೆ ಚಿಂತೆ ಇಲ್ಲ. ಗೋಡೆ ಸೋರುತ್ತಿತ್ತು ಅಂತ ಹೊಡೆದಿದ್ದರೆ, ಬಣ್ಣ ತೆಗೆದ ಮರುವರ್ಷ ಸೋರಿಕೆ ವಾಪಸ್ ಬರುತ್ತದೆ. ಹಳೇ ಮಾಲೀಕರೋ ಅಕ್ಕಪಕ್ಕದ ಹಿರಿಯರೋ ಸಿಕ್ಕರೆ ಕೇಳಿಬಿಡಿ. ಸಜ್ಜಾ ಒಡೆದಿದೆಯಾ, ತಾರಸಿ ನೀರಿನ ಪೈಪ್ ಗೋಡೆಗೆ ಒಸರುತ್ತಿದೆಯಾ ನೋಡಿ. ಅದನ್ನು ಸರಿಮಾಡದೆ ಬಣ್ಣಕ್ಕೆ ಕೈ ಹಾಕಬೇಡಿ.

ಇಷ್ಟು ಗೊತ್ತಾದ ಮೇಲೆ ಪ್ರತಿ ವಿಧಾನವನ್ನೂ ಹೀಗೆ ಅಳೆಯಿರಿ: ಇಟ್ಟಿಗೆ ಮತ್ತು ಸಂದಿಗೆ ಎಷ್ಟು ಏಟು, ಕೆಲಸ ಮಾಡುವವರಿಗೂ ಮನೆಯ ಮಕ್ಕಳಿಗೂ ಎಷ್ಟು ಅಪಾಯ, ಎಷ್ಟು ನೀರು, ಎಷ್ಟು ದಿನ, ಎಷ್ಟು ದುಡ್ಡು. ನಾನು ಬರೆದಿರುವ ಕ್ರಮವೇ ನನ್ನ ಆದ್ಯತೆಯ ಕ್ರಮ.

ತೆಗೆಯದೇ ಬಿಡುವುದು

ಇದೂ ಒಂದು ಆಯ್ಕೆ, ಸೋಲಲ್ಲ. ಹೈಕೋರ್ಟ್ ಇರುವ ಅಠಾರ ಕಚೇರಿಯನ್ನೇ ನೋಡಿ. ಕಲ್ಲು, ಇಟ್ಟಿಗೆಯ ಕಟ್ಟಡ, ಮೇಲೆ ಕೆಂಪು ಬಣ್ಣ. ಅದನ್ನು ಕೆರೆದು ಇಟ್ಟಿಗೆ ತೋರಿಸಿ ಅಂತ ಯಾರೂ ಕೇಳುವುದಿಲ್ಲ. ನಿಮ್ಮದು ಮೆದು ನಾಟಿ ಇಟ್ಟಿಗೆಯಾಗಿದ್ದು, ಬಣ್ಣ ಬಹುಪಾಲು ಗಟ್ಟಿಯಾಗಿ ಹಿಡಿದಿದ್ದರೆ, ಎದ್ದಿರುವ ಚಕ್ಕೆಗಳನ್ನಷ್ಟೇ ತೆಗೆದು ಮತ್ತೆ ಬಣ್ಣ ಹೊಡೆಸುವುದೇ ಒಳ್ಳೆಯದು. ಖರ್ಚೂ ಇದಕ್ಕೇ ಕಡಿಮೆ.

ಆದರೆ ಮತ್ತೆ ಪ್ಲಾಸ್ಟಿಕ್ ಹಾಳೆಯಂಥ ಎಮಲ್ಷನ್ ಬೇಡ. ಇಟ್ಟಿಗೆ ಕುಡಿದ ನೀರು ಹೊರಗೆ ಆವಿಯಾಗಿ ಹೋಗಬೇಕು. ದಾರಿ ಮುಚ್ಚಿದರೆ ಅದೇ ನೀರು ಬಣ್ಣವನ್ನು ಒಳಗಿನಿಂದ ತಳ್ಳುತ್ತದೆ. ನಿಮ್ಮ ಗೋಡೆಯ ಹಪ್ಪಳಗಳು ಹುಟ್ಟಿದ್ದೇ ಹಾಗೆ. ಹಳೇ ಗೋಡೆಗೆ ಸುಣ್ಣ, ದುಡ್ಡಿದ್ದರೆ ಖನಿಜದಿಂದ ಮಾಡಿದ ಸಿಲಿಕೇಟ್ ಪೇಂಟ್. ಎರಡೂ ಗೋಡೆಗೆ ಉಸಿರಾಡಲು ಬಿಡುತ್ತವೆ. ಒಂದೇ ಷರತ್ತು, ಇವು ಹಿಡಿಯಬೇಕಾದರೆ ಕೆಳಗೆ ಬರೀ ಇಟ್ಟಿಗೆಯೋ ಗಾರೆಯೋ ಹಳೇ ಸುಣ್ಣವೋ ಇರಬೇಕು. ಹಳೇ ಎಮಲ್ಷನ್, ಎನಾಮೆಲ್ ಮೇಲೆ ಹೊಡೆದರೆ ಉದುರಿಹೋಗುತ್ತವೆ. ಅಂಥ ಕಡೆ ಎದ್ದಿರುವುದನ್ನು ಕೆರೆದು ತೇಪೆ ಹಚ್ಚಿ ಕೆಲವು ವರ್ಷ ತಳ್ಳಬಹುದು, ಅಷ್ಟೇ.

ಕೈಯಲ್ಲಿ ಕೆರೆಯುವುದು

ಪಟ್ಟಿ ಬ್ಲೇಡು, ಗಡಸು ನೈಲಾನ್ ಬ್ರಷ್, ಒಂದು ಬಕೆಟ್ ನೀರು. ಸುಣ್ಣ, ಡಿಸ್ಟೆಂಪರ್, ಸಡಿಲವಾದ ಸಿಮೆಂಟ್ ಪೇಂಟ್‌ಗೆ ಇದಕ್ಕಿಂತ ಹೆಚ್ಚಿನದು ಬೇಕಾಗುವುದಿಲ್ಲ. ಹಿಂದಿನ ದಿನ ನೀರು ಚಿಮುಕಿಸಿ, ಬೆಳಿಗ್ಗೆ ಮತ್ತೆ ಒದ್ದೆ ಮಾಡಿ ಉಜ್ಜಿದರೆ ಕೆಸರಿನ ಹಾಗೆ ಇಳಿಯುತ್ತದೆ. ಕಬ್ಬಿಣದ ತಂತಿ ಬ್ರಷ್ ಮಾತ್ರ ಬೇಡ. ಅದರ ಎಳೆಗಳು ಮುರಿದು ಸಂದಿನಲ್ಲಿ ಉಳಿದು, ಮೊದಲ ಮಳೆಗೆ ತುಕ್ಕಿನ ಕಲೆ ಮೂಡಿಸುತ್ತವೆ. ಎಲ್ಲಾದರೂ ಬೇಕೇ ಬೇಕು ಅಂದರೆ ಹಿತ್ತಾಳೆ ಎಳೆಯ ಬ್ರಷ್ ತಗೊಳ್ಳಿ.

ಎಮಲ್ಷನ್ ಹಪ್ಪಳದಂತೆ ಎದ್ದಿರುವ ಕಡೆ ಬ್ಲೇಡು ಚೆನ್ನಾಗಿ ಕೆಲಸ ಮಾಡುತ್ತದೆ. ಗಟ್ಟಿಯಾಗಿ ಹಿಡಿದಿರುವ ಕಡೆ ದಿನವಿಡೀ ಕೆರೆದರೂ ಮೊರದಗಲ ಜಾಗ ಆಗುವುದಿಲ್ಲ, ಸಿಟ್ಟಿಗೆ ಇಟ್ಟಿಗೆಯೇ ಗೀಚಿಹೋಗುತ್ತದೆ. ಅಲ್ಲಿ ನಿಲ್ಲಿಸಿ.

ಸಾಮಾನಿಗೆ ಇದರಲ್ಲಿ ಖರ್ಚೇ ಇಲ್ಲ, ಕೂಲಿ ಮಾತ್ರ. ರಜಾದಿನಗಳಲ್ಲಿ ನೀವೇ ಮಾಡಿಕೊಳ್ಳಬಹುದಾದ ವಿಧಾನವೂ ಇದೊಂದೇ. ಆದರೆ ಸೀಸದ ಬಗ್ಗೆ ಎಚ್ಚರ ಇರಲಿ. ಮನೆ ಬಳಕೆಯ ಪೇಂಟ್‌ನಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ 90 ಭಾಗ, ಮೀರಬಾರದು ಅನ್ನುವ ಕೇಂದ್ರದ ನಿಯಮ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರ್‌ನಿಂದ. ಅದಕ್ಕಿಂತ ಹಳೇ ಎನಾಮೆಲ್‌ನಲ್ಲಿ, ಅದರಲ್ಲೂ ಗಾಢ ಹಳದಿ, ಹಸಿರು, ಕೆಂಪಿನಲ್ಲಿ ಸೀಸ ಇದೆ ಅಂತಲೇ ತಿಳಿದು ಕೆಲಸ ಮಾಡಿ. ಒಣಗಿದ್ದನ್ನು ಕೆರೆಯಬೇಡಿ, ಉಪ್ಪುಕಾಗದ ಹಾಕಬೇಡಿ, ಯಾವಾಗಲೂ ಒದ್ದೆ ಮಾಡಿಕೊಂಡೇ ಕೆರೆಯಿರಿ. ಕೆಳಗೆ ತಾರ್ಪಾಲು ಹಾಸಿ, ಎನ್95 ಮಾಸ್ಕ್ ಹಾಕಿ. ಮನೆಯಲ್ಲಿ ಪುಟ್ಟ ಮಗುವೋ ಬಸುರಿಯೋ ಇದ್ದರೆ ಆ ದಿನಗಳಲ್ಲಿ ಅವರು ಬೇರೆ ಕಡೆ ಇರಲಿ. ಉದುರಿದ ಚಕ್ಕೆಯನ್ನು ಗಿಡದ ಪಾತಿಗೆ ಗುಡಿಸಬೇಡಿ, ಸುಡಬೇಡಿ. ಚೀಲದಲ್ಲಿ ಕಟ್ಟಿ ಅಪಾಯಕಾರಿ ಕಸ ಅಂತ ಬೇರೆಯಾಗಿ ಕೊಡಿ.

ಹಚ್ಚಿ ಕರಗಿಸುವುದು

ನಮ್ಮ ಮನೆಗೆ ಕೊನೆಗೆ ಇದನ್ನೇ ಆರಿಸಿಕೊಂಡೆವು. ಪೇಂಟ್ ರಿಮೂವರ್ ಅನ್ನುವ ಹೆಸರಿನಲ್ಲಿ ಸಿಗುವುದೆಲ್ಲ ಒಂದೇ ಅಲ್ಲ. ಮೂರು ಥರ ಇದೆ, ಆರಿಸುವಾಗ ಡಬ್ಬಿ ತಿರುಗಿಸಿ ಓದಬೇಕು.

ಮೊದಲನೆಯದು ಮಿಥಿಲೀನ್ ಕ್ಲೋರೈಡ್ ಇರುವುದು. ಐದೇ ನಿಮಿಷಕ್ಕೆ ಬಣ್ಣ ಗುಳ್ಳೆ ಏಳುತ್ತದೆ, ನೋಡಲು ಜಾದೂ ಥರ. ಆದರೆ ಅದರ ಆವಿ ಗಾಳಿಗಿಂತ ಭಾರ. ಎರಡು ಮನೆ ನಡುವಿನ ಮೂರಡಿ ಓಣಿಯಲ್ಲಿ, ಸಾರುವೆ ಕೆಳಗೆ ಅದು ತುಂಬಿಕೊಂಡು ಪ್ರಾಣಕ್ಕೇ ಕುತ್ತಾಗಬಹುದು. ಅಮೆರಿಕದಲ್ಲಿ 2019ರಿಂದ ಇದನ್ನು ಬಣ್ಣ ತೆಗೆಯಲು ಸಾಮಾನ್ಯ ಗ್ರಾಹಕರಿಗೆ ಮಾರುವಂತಿಲ್ಲ. ಕೂಲಿಯವರ ಕೈಗೆ ಇದನ್ನು ಕೊಟ್ಟು ಕರವಸ್ತ್ರ ಕಟ್ಟಿಕೊಳ್ಳಿ ಅನ್ನುವುದು ತಪ್ಪು. ನಾನು ಇದನ್ನು ಬೇಡ ಅನ್ನುತ್ತೇನೆ.

ಎರಡನೆಯದು ಕಾಸ್ಟಿಕ್ ಸೋಡಾ ಇರುವ ಕಾಸ್ಟಿಕ್ ಪೇಸ್ಟ್. ಬೆಲೆ ಕಡಿಮೆ, ಎನಾಮೆಲ್‌ಗೆ ಚೆನ್ನಾಗಿ ಹಿಡಿಯುತ್ತದೆ, ಎಮಲ್ಷನ್‌ಗೆ ಅಷ್ಟಕ್ಕಷ್ಟೇ. ಚರ್ಮ, ಕಣ್ಣು ಸುಡುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಆಮೇಲೆ ಬರುತ್ತದೆ. ಇಟ್ಟಿಗೆ ಅದನ್ನು ಹೀರಿಕೊಂಡರೆ ತಿಂಗಳುಗಟ್ಟಲೆ ಬಿಳಿ ಉಪ್ಪು ಬಿಡುತ್ತದೆ. ತೊಳೆದ ಮೇಲೆ ವಿನೆಗರ್ ಬೆರೆಸಿದ ನೀರು ಹಾಕಿ, ಮತ್ತೆ ಒಳ್ಳೆ ನೀರಲ್ಲಿ ತೊಳೆಯಲೇಬೇಕು. ವೈರ್‌ಕಟ್ ಇಟ್ಟಿಗೆಗೆ ಪರವಾಗಿಲ್ಲ. ನೀರು ಕುಡಿಯುವ ನಾಟಿ ಇಟ್ಟಿಗೆಗೆ ಬೇಡ.

ಮೂರನೆಯದು ಬೆಂಜೈಲ್ ಆಲ್ಕೊಹಾಲ್ ಥರದ ನಿಧಾನದ ಪೇಸ್ಟ್. ಬೆಲೆ ಜಾಸ್ತಿ, ಗಂಟೆಗಟ್ಟಲೆ ಕಾಯಬೇಕು, ಕೆಲವೊಮ್ಮೆ ಇಡೀ ರಾತ್ರಿ. ಆದರೆ ಇಟ್ಟಿಗೆಗೂ ಸಂದಿಗೂ ಏನೂ ಆಗುವುದಿಲ್ಲ, ಗಾಳಿಯಾಡುವ ಕಡೆ ಮನುಷ್ಯರಿಗೂ ಅಪಾಯ ಕಡಿಮೆ. ಕೈಗವಸು, ಕನ್ನಡಕ ಇದಕ್ಕೂ ಬೇಕು. ನಮ್ಮ ಬಿಸಿಲಿಗೆ ಪೇಸ್ಟ್ ಬೇಗ ಒಣಗಿಬಿಡುತ್ತದೆ, ಅದಕ್ಕೆ ಹಚ್ಚಿದ ತಕ್ಷಣ ಪ್ಲಾಸ್ಟಿಕ್ ಹಾಳೆ ಮುಚ್ಚಿದೆವು. ಮಾರನೇ ಬೆಳಿಗ್ಗೆ ಹಾಳೆ ಎತ್ತಿದಾಗ ಬಣ್ಣ ಹಾಲಿನ ಕೆನೆಯ ಹಾಗೆ ಸುಕ್ಕುಗಟ್ಟಿತ್ತು. ಬ್ಲೇಡು ಇಟ್ಟು ತಳ್ಳಿದರೆ ಸುರುಳಿ ಸುರುಳಿಯಾಗಿ ಬಂತು. ಗಿಳಿಹಸಿರು ಪದರ ಮಾತ್ರ ಹಟ ಮಾಡಿತು, ಅದಕ್ಕೆ ಎರಡನೇ ಸಲ ಹಚ್ಚಬೇಕಾಯಿತು. ಕೊನೆಗೆ ತೊಳೆದಾಗ ಒದ್ದೆ ಇಟ್ಟಿಗೆಯಿಂದ ಹೊಸ ಮಡಕೆಗೆ ನೀರು ಹಾಕಿದಾಗಿನ ವಾಸನೆ ಬಂತು. ಮೂವತ್ತು ವರ್ಷ ಆ ಗೋಡೆಗೆ ನೀರು ಸೋಕಿರಲಿಲ್ಲವಲ್ಲ ಅನ್ನಿಸಿತು.

ಸುಮಾರು 300 ಚದರ ಅಡಿಗೆ ಇಬ್ಬರು ಕೆಲಸದವರು, ಹನ್ನೊಂದು ದಿನ. ಅದೇ ಗೋಡೆಗೆ ಮತ್ತೆ ಬಣ್ಣ ಹೊಡೆಸಿದ್ದರೆ ಆಗುತ್ತಿದ್ದ ಖರ್ಚಿನ ನಾಲ್ಕರಷ್ಟು ಆಯಿತು. ಅದರಲ್ಲಿ ಕೂಲಿಯದೇ ದೊಡ್ಡ ಪಾಲು. ಅದಕ್ಕೇ ಅಗ್ಗದ ಪೇಸ್ಟ್ ತಂದು ಉಳಿಸಲು ಹೋಗುವುದರಲ್ಲಿ ಅರ್ಥ ಇಲ್ಲ. ಅದು ಕೆಲಸ ಮಾಡದೆ ಇನ್ನೆರಡು ದಿನ ಹೆಚ್ಚಾದರೆ ಉಳಿದದ್ದು ಅಲ್ಲೇ ಹೋಗುತ್ತದೆ.

ನೀರಿನ ಒತ್ತಡ, ಹಬೆ

ಕಾರು ತೊಳೆಯುವ ಪ್ರೆಷರ್ ವಾಷರ್ ಮನೆಯಲ್ಲಿದೆ, ಅದರಲ್ಲೇ ಹೊಡೆಯೋಣ ಅಂತ ತುಂಬಾ ಜನ ಯೋಚಿಸುತ್ತಾರೆ. ಆ ಯಂತ್ರಗಳು 100 ಬಾರ್‌ಗೂ ಮೇಲಿನ, ಅಂದರೆ ಗಾಳಿಯ ಒತ್ತಡದ ಸುಮಾರು ನೂರರಷ್ಟಕ್ಕೂ ಮೇಲಿನ ಒತ್ತಡ ಕೊಡುತ್ತವೆ. ಸುಣ್ಣದ ಸಂದನ್ನು ಅದು ಬೆಣ್ಣೆಯ ಹಾಗೆ ಕೊರೆದುಬಿಡುತ್ತದೆ, ನೀರನ್ನು ಗೋಡೆಯ ಒಳಕ್ಕೂ ತಳ್ಳುತ್ತದೆ. ಅಷ್ಟಾಗಿಯೂ ಹಿಡಿದಿರುವ ಎನಾಮೆಲ್ ಅಲುಗುವುದಿಲ್ಲ. ಪೇಸ್ಟ್ ಹಚ್ಚಿ ತೆಗೆದ ಮೇಲೆ ತೊಳೆಯಲು ತೋಟದ ಪೈಪು ಸಾಕು. ವೈರ್‌ಕಟ್ ಗೋಡೆಗೆ ವಾಷರ್ ಬಳಸಲೇಬೇಕೆಂದರೆ ಅಗಲ ನಾಝಲ್ ಹಾಕಿ, ಎರಡಡಿ ದೂರ ನಿಂತು ಬಳಸಿ.

ನೀರಿನ ಮಾತು ಬಂತಲ್ಲ. 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರನ್ನು ವಾಹನ ತೊಳೆಯಲು, ಕಟ್ಟಡ ಕೆಲಸಕ್ಕೆ ಬಳಸಬಾರದು ಅಂತ ಆದೇಶ ಮಾಡಿ 5,000 ರೂಪಾಯಿ ದಂಡ ಇಟ್ಟಿದ್ದು ನೆನಪಿದೆ ಅಲ್ವಾ? ಹಾಗಂತ ಗಡಸು ಬೋರ್ ನೀರಲ್ಲಿ ತೊಳೆದರೆ ಅದರ ಉಪ್ಪು ಇಟ್ಟಿಗೆ ಮೇಲೆ ಬೆಳ್ಳಗೆ ಕೂರುತ್ತದೆ. ನಾವು ಸಂಪಿನಲ್ಲಿ ಹಿಡಿದಿಟ್ಟಿದ್ದ ಮಳೆನೀರು ಬಳಸಿದೆವು. ಅದಕ್ಕಿಂತ ಒಳ್ಳೆಯದಿಲ್ಲ. ತೊಳೆದ ನೀರನ್ನು ಮೋರಿಗೆ ಬಿಡಬೇಡಿ, ಅದು ರಾಜಕಾಲುವೆ ಸೇರಿ ಕೊನೆಗೆ ಕೆರೆಗೇ ಹೋಗುತ್ತದೆ. ಗೋಡೆ ಬುಡದಲ್ಲಿ ತಾರ್ಪಾಲನ್ನು ತೊಟ್ಟಿಯ ಹಾಗೆ ಎತ್ತಿ ಕಟ್ಟಿ, ಬಣ್ಣದ ಕೆಸರು ಕೆಳಗೆ ಕೂತ ಮೇಲೆ ಬಳಿದು ತೆಗೆಯಿರಿ.

ಹಬೆ ಮೆದು ವಿಧಾನ, ನೀರೂ ಕಡಿಮೆ. ತೆಳು ಎಮಲ್ಷನ್ ಅದಕ್ಕೆ ಮೆತ್ತಗಾಗುತ್ತದೆ. ಯಂತ್ರ ಮತ್ತು ಅದನ್ನು ಇಟ್ಟಿಗೆ ಮೇಲೆ ಬಳಸಿ ಪಳಗಿದವರು ಎರಡೂ ಸಿಕ್ಕರೆ ಖಂಡಿತ ಮಾದರಿ ಮಾಡಿಸಿ ನೋಡಿ.

ಗ್ರೈಂಡರ್, ಬ್ಲಾಸ್ಟಿಂಗ್, ಆಸಿಡ್

ಮೂರೂ ಬೇಡ. ಯಾಕೆ ಅಂತ ಮೇಲೆಯೇ ಹೇಳಿದ್ದೇನೆ. ಗ್ರೈಂಡರ್‌ಗೆ ತಂತಿ ಕಪ್ ಹಾಕಿದರೂ ಸುತ್ತು ಸುತ್ತು ಗುರುತು ಉಳಿಯುತ್ತದೆ. ಮರಳು ಊದಿಸಿದಾಗ ಏಳುವ ಧೂಳು ಕೆಲಸದವರ ಶ್ವಾಸಕೋಶಕ್ಕೆ ಸಿಲಿಕೋಸಿಸ್ ಅನ್ನುವ ಕಾಯಿಲೆ ತರುತ್ತದೆ. ಆಸಿಡ್ ಎಮಲ್ಷನ್ನನ್ನೂ ಎನಾಮೆಲ್ಲನ್ನೂ ಮುಟ್ಟುವುದೇ ಇಲ್ಲ, ಸುಣ್ಣದ ಸಂದನ್ನು ಮಾತ್ರ ತಿಂದುಹಾಕುತ್ತದೆ. "ಮೇಡಂ, ಎರಡು ದಿನದಲ್ಲಿ ಮುಗಿಸಿಕೊಡ್ತೀನಿ" ಅಂತ ಯಾರಾದರೂ ಅಂದರೆ ಯಾವ ಯಂತ್ರದಲ್ಲಿ ಅಂತ ಕೇಳಿ.

ನಿಮ್ಮ ಮನೆಗೆ ಯಾವುದು

ಹಳೇ ಮನೆ, ಸುಣ್ಣದ ಸಂದು, ಮೇಲೆ ಸುಣ್ಣ ಅಥವಾ ಡಿಸ್ಟೆಂಪರ್ ಇದ್ದರೆ ಕೈಯಲ್ಲಿ ಉಜ್ಜಿ ತೆಗೆದು ಮತ್ತೆ ಸುಣ್ಣ ಹೊಡೆಸಿ. ಅದೇ ಮನೆಗೆ ಎಮಲ್ಷನ್ ಬಿದ್ದು ಗೋಡೆ ತೇವ ಹಿಡಿದಿದ್ದರೆ ನಿಧಾನದ ಪೇಸ್ಟ್, ದುಡ್ಡು ಎಷ್ಟೇ ಆದರೂ. ಅಲ್ಲಿ ಬಣ್ಣ ತೆಗೆಯುವುದು ಚಂದಕ್ಕಲ್ಲ, ಗೋಡೆ ಉಳಿಸಲು. 80, 90ರ ವೈರ್‌ಕಟ್ ಮನೆಗೆ ಎನಾಮೆಲ್ ಇದ್ದು ಬಜೆಟ್ ಬಿಗಿಯಾಗಿದ್ದರೆ ಕಾಸ್ಟಿಕ್, ಚೆನ್ನಾಗಿ ತೊಳೆಯುವ ಮೇಸ್ತ್ರಿ ಸಿಕ್ಕರೆ ಮಾತ್ರ. ಬಾಡಿಗೆಗೆ ಕೊಟ್ಟ ಮನೆ, ಬಣ್ಣ ಗಟ್ಟಿಯಾಗಿದೆ ಅಂದರೆ ಸುಮ್ನೆ ಮುಟ್ಟಬೇಡಿ.

ಇಡೀ ಮನೆಗೆ ದುಡ್ಡು ಸಾಲದಿದ್ದರೆ ಅರ್ಧಂಬರ್ಧ ಎಲ್ಲ ಕಡೆ ಮಾಡಿಸುವ ಬದಲು ಒಂದು ಗೋಡೆಯನ್ನು ಪೂರ್ತಿ ಮಾಡಿಸಿ. ನಮ್ಮ ಅತ್ತಿಗೆಯವರ ಮನೆಯಲ್ಲಿ ಪೋರ್ಟಿಕೋದ ಕಮಾನು ಮತ್ತು ಎರಡು ಕಂಬ ಮಾತ್ರ ಬಿಡಿಸಿದರು, ಉಳಿದ ಗೋಡೆಗಳು ಕೆನೆ ಬಣ್ಣದಲ್ಲೇ ಇವೆ. ಬೀದಿಯಿಂದ ನೋಡಿದರೆ ಮೊದಲಿಂದಲೂ ಹಾಗೇ ಕಟ್ಟಿದ್ದರೇನೋ ಅನ್ನಿಸುತ್ತದೆ.

ರೇಟ್ ಕೇಳುವಾಗ ಚದರ ಅಡಿಗೆ ಎಷ್ಟು ಅಂತ ಮಾತ್ರ ಕೇಳಬೇಡಿ. ಸಾರುವೆ, ತೊಳೆಯುವುದು, ಕಸ ಸಾಗಿಸುವುದು, ಆಮೇಲೆ ಸಂದು ತುಂಬುವುದು ಸೇರಿದೆಯಾ ಅಂತ ಕೇಳಿ. ಬಣ್ಣ ಹೋದ ಮೇಲೆ ಹತ್ತರಲ್ಲಿ ಒಂದೆರಡು ಸಂದಾದರೂ ಪೊಳ್ಳಾಗಿ ಕಾಣುತ್ತದೆ, ಅದು ಸಹಜ. ಸುಣ್ಣದ ಸಂದಿಗೆ ಸುಣ್ಣದ ಗಾರೆಯನ್ನೇ ತುಂಬಿಸಿ. ಗಟ್ಟಿ ಸಿಮೆಂಟ್ ತುಂಬಿದರೆ ಸಂದು ಉಳಿದು ಪಕ್ಕದ ಇಟ್ಟಿಗೆ ಒಡೆಯುತ್ತದೆ. ಹೊಳೆಯುವ ಕ್ಲಿಯರ್ ಕೋಟ್ ಹಾಕೋಣ ಅಂತ ಪೇಂಟರ್ ಹೇಳೇ ಹೇಳುತ್ತಾರೆ, ಒಪ್ಪಬೇಡಿ. ಅದು ಇನ್ನೊಂದು ಬಣ್ಣವೇ. ಮಳೆ ನೇರವಾಗಿ ಬಡಿಯುವ ಗೋಡೆಗೆ ಬೇಕಾದರೆ, ಪೂರ್ತಿ ಒಣಗಿದ ಮೇಲೆ, ಹೊಳಪಿಲ್ಲದ ಸಿಲಾಕ್ಸೇನ್ ದ್ರಾವಣ ಹೊಡೆಸಬಹುದು. ಅದು ನೀರನ್ನು ತಡೆದು ಆವಿಯನ್ನು ಬಿಡುತ್ತದೆ.

ಕೆಲಸಕ್ಕೆ ಜನವರಿಯಿಂದ ಮಾರ್ಚ್ ಒಳ್ಳೆ ಕಾಲ. ನಮ್ಮೂರಲ್ಲಿ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಮಳೆ ಜೋರು, ಏಪ್ರಿಲ್ ಮೇ ಬಂದರೆ ಸಂಜೆ ಗುಡುಗು ಶುರು. ಆದರೆ ಮಾದರಿಯನ್ನು ಮಳೆ ಪೂರ್ತಿ ನಿಲ್ಲುವ ಮೊದಲೇ ಮಾಡಿಸಿ. ಹಿತ್ತಲ ಕಡೆ, ಸಂಪಿನ ಪಕ್ಕ, ಯಾರಿಗೂ ಕಾಣದ ಎರಡಡಿ ಚೌಕ ಸಾಕು. ಯಾವ ಪೇಸ್ಟ್, ಎಷ್ಟು ಹೊತ್ತು, ಎಷ್ಟು ಸಲ ಅಂತ ಪಕ್ಕದಲ್ಲೇ ಪೆನ್ಸಿಲಿನಲ್ಲಿ ಬರೆದಿಡಿ. ಎರಡು ಮೂರು ಮಳೆ ಅದರ ಮೇಲೆ ಬೀಳಲಿ. ಜನವರಿಯಲ್ಲಿ ಅಂಗೈ ಇಟ್ಟು ಎಳೆದು ನೋಡಿ. ಕೈಗೆ ಕೆಂಪು ಬರದೆ, ಬಿಳಿ ಉಪ್ಪು ಮೂಡದೆ, ಸಂದು ಹಾಗೇ ಇದ್ದರೆ ಮೇಸ್ತ್ರಿಗೆ ಫೋನ್ ಮಾಡಿ, ಮುಂಗೋಡೆಗೆ ಸಾರುವೆ ಕಟ್ಟಿಸಿ.